ಬಸುರಿ ಅಮ್ಮ, ಮೂರು ವರ್ಷದ ಮಗು, ನಾಲ್ಕು ಪಾರ್ಕು: ಕಾಸರಗೋಡಿನಿಂದ ಯಾವುದಕ್ಕೆ ಹೋಗಬಹುದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮಂಗಳೂರಿನ ಪಿಲಿಕುಳಕ್ಕೆ. ಅಲ್ಲಿನ ಜಾರುಬಂಡಿಗಳು ದೊಡ್ಡವು ಅಂತಲ್ಲ. ವಂಡರ್‌ಲಾದ ಮುಂದೆ ಅವು ಲೆಕ್ಕಕ್ಕೇ ಇಲ್ಲ. ಆದರೆ ಹೊಟ್ಟೆಯಲ್ಲಿ ಐದು ತಿಂಗಳಿನದು, ಕೈಯಲ್ಲಿ ಮೂರು ವರ್ಷದ್ದು ಇರುವಾಗ ಪಾರ್ಕು ದೊಡ್ಡದಾಗಿ ಆಗಬೇಕಾದ್ದೇನು? ದೊಡ್ಡ ರೈಡಿಗೆ ಮಗುವಿನ ಎತ್ತರ ಸಾಲದು, ಸಣ್ಣದಕ್ಕೂ ಅಮ್ಮ ಹತ್ತುವಂತಿಲ್ಲ. ಕೊನೆಗೆ ಲೆಕ್ಕಕ್ಕೆ ಬರುವುದು ದಾರಿ, ನೆರಳು, ಟಾಯ್ಲೆಟ್ಟು ಮತ್ತು ಒಂದೂವರೆ ಅಡಿ ನೀರು. ಜೊತೆಗೆ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಯ ಎಷ್ಟೋ ಬಸುರಿಯರ ಡಾಕ್ಟರು, ಸ್ಕ್ಯಾನಿಂಗು, ಹೆರಿಗೆ ಎಲ್ಲ ಮಂಗಳೂರಿನಲ್ಲೇ. 2020ರ ಲಾಕ್‌ಡೌನಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಇದು ಊರಿಗೆಲ್ಲ ಅರ್ಥವಾಗಿತ್ತು. ಪಾರ್ಕಿನಿಂದ ಮನೆಗೆ ಬರುವ ದಾರಿಯಲ್ಲೇ ನಮ್ಮ ಫೈಲು ಇರುವ ಆಸ್ಪತ್ರೆ ಸಿಗುತ್ತದೆ ಎನ್ನುವುದು ನನಗೆ ಯಾವ ರೋಲರ್ ಕೋಸ್ಟರಿಗಿಂತ ದೊಡ್ಡ ಸೌಕರ್ಯ.

ಹೋಲಿಕೆಗೆ ಇಟ್ಟುಕೊಂಡದ್ದು ನಾಲ್ಕು. ವಾಮಂಜೂರಿನ ಪಿಲಿಕುಳ ನಿಸರ್ಗಧಾಮ, ಅದರೊಳಗಿನ ಮಾನಸ ವಾಟರ್ ಪಾರ್ಕ್ ಸೇರಿ. ಕಣ್ಣೂರು ಜಿಲ್ಲೆ ಪರಶ್ಶಿನಿಕ್ಕಡವಿನ ವಿಸ್ಮಯ. ಕೊಚ್ಚಿ ಹತ್ತಿರ ಪಳ್ಳಿಕ್ಕರದ ವಂಡರ್‌ಲಾ, ಅಂದರೆ ಹಳಬರ ಬಾಯಲ್ಲಿ ಇನ್ನೂ ವೀಗಾಲ್ಯಾಂಡ್ (ಬೇಕಲದ ಪಕ್ಕದ ನಮ್ಮ ಪಳ್ಳಿಕ್ಕರೆ ಅಲ್ಲ). ಕೊನೆಯದು ಬಿಡದಿಯ ವಂಡರ್‌ಲಾ.

ಬಿಡದಿಯ ವಿಷಯ ಒಂದೇ ಮಾತಿನಲ್ಲಿ ಮುಗಿಯುತ್ತದೆ: ಬೇಡ. ಶಿರಾಡಿಯೋ ಸಂಪಾಜೆಯೋ, ಘಾಟಿ ಹತ್ತದೆ ದಾರಿಯಿಲ್ಲ, ತಿರುವಿನಲ್ಲಿ ಅಮ್ಮನೂ ಮಗುವೂ ಸರದಿಯಲ್ಲಿ ವಾಂತಿ. ರಾತ್ರಿ ರೈಲಿನಲ್ಲಿ ಮಲಗಿ ಹೋಗಬಹುದು, ಆದರೆ ಬೆಳಿಗ್ಗೆ ಬೆಂಗಳೂರಲ್ಲಿ ಇಳಿದು ಮೈಸೂರು ರಸ್ತೆಯಲ್ಲಿ ಮತ್ತೆ ಸುಮಾರು 30 ಕಿ.ಮೀ. ವಾಪಸು ಬರಬೇಕು. ಹೆರಿಗೆಯಾಗಿ ಎರಡು ವರ್ಷ ಕಳೆದ ಮೇಲೆ ನೋಡಿಕೊಂಡರಾಯಿತು.

ಪಾರ್ಕು ಯಾವುದೇ ಇರಲಿ, ಹೋಗುವ ವಾರ ಮುಖ್ಯ. 14ರಿಂದ 28ನೇ ವಾರದವರೆಗೆ ಪ್ರಯಾಣಕ್ಕೆ ಒಳ್ಳೆಯದು ಎನ್ನುವುದು ಸಾಮಾನ್ಯ ಲೆಕ್ಕ. ನನ್ನ ಲೆಕ್ಕ ಇನ್ನೂ ಬಿಗಿ: 18–20ನೇ ವಾರದ ಅನಾಮಲಿ ಸ್ಕ್ಯಾನ್ (ಮಗುವಿನ ಅಂಗಾಂಗ ನೋಡುವ ಸ್ಕ್ಯಾನ್) ಆದ ಮೇಲೆ, 26 ದಾಟುವ ಮುಂಚೆ. ಆ ಸ್ಕ್ಯಾನಿನಲ್ಲಿ ಮಾಸು (ಪ್ಲಾಸೆಂಟಾ) ಎಲ್ಲಿ ಕೂತಿದೆ ಎಂದು ಬರೆದಿರುತ್ತಾರೆ. 'ಲೋ ಲೈಯಿಂಗ್', ಅಂದರೆ ತೀರಾ ಕೆಳಗೆ ಎಂದಿದ್ದರೆ, ನಡುವೆ ರಕ್ತ ಕಂಡಿದ್ದರೆ, ಗರ್ಭಕೋಶದ ಬಾಯಿ ಗಿಡ್ಡ ಎಂದಿದ್ದರೆ, ಅವಳಿ ಇದ್ದರೆ, ಬಿಪಿ ಏರಿದ್ದರೆ ಈ ಬರಹವನ್ನು ಇಲ್ಲಿಗೇ ಬಿಟ್ಟು ಡಾಕ್ಟರನ್ನು ಕೇಳಿ. ಸ್ಕ್ಯಾನಿಗೂ ಮುಂಚೆ ಟಿಕೆಟ್ ಬುಕ್ ಮಾಡಿಟ್ಟುಕೊಂಡರೆ ಆಮೇಲೆ ದುಡ್ಡಿನ ಆಸೆಗೆ ಹೋಗಬೇಕೆನಿಸುತ್ತದೆ, ಅದಕ್ಕೇ ಈ ಮಾತು.

ಯಾವ ರೈಡು ಹತ್ತಬಾರದು ಎಂದು ಬೋರ್ಡಿನಲ್ಲಿ ಬರೆದಿರುತ್ತದೆ. ಮಲಯಾಳಂ ಓದಲು ಬಾರದವರು ಯಾರ ಹತ್ತಿರವಾದರೂ ಓದಿಸಿ ಕೇಳಿದರೆ ಸಾಕು, ಅಲ್ಲಿಯೂ ಶಬ್ದ 'ಗರ್ಭಿಣಿ'ಯೇ. ಕಾರಣ ಮಾತ್ರ ಬೋರ್ಡಿನಲ್ಲಿ ಇರುವುದಿಲ್ಲ. ಗರ್ಭಕೋಶದ ಗೋಡೆ ಹಿಗ್ಗುತ್ತದೆ, ಮಾಸು ಅಷ್ಟು ಹಿಗ್ಗುವುದಿಲ್ಲ. ಗಕ್ಕನೆ ನಿಲ್ಲುವ, ಧೊಪ್ಪನೆ ಬೀಳುವ, ಡಿಕ್ಕಿ ಹೊಡೆಯುವ ಆಟದಲ್ಲಿ ಗೋಡೆ ಒಂದು ಕಡೆ ಎಳೆದರೆ ಮಾಸು ಅದರಿಂದ ಕಿತ್ತುಕೊಳ್ಳಬಹುದು. ಹೊಟ್ಟೆಗೆ ಏಟು ಬೀಳಲೇಬೇಕೆಂದಿಲ್ಲ. ಆದ್ದರಿಂದ ನೀರಿನ ಜಾರುಬಂಡಿ, ಡ್ಯಾಶಿಂಗ್ ಕಾರು, ಕಪ್ಪು-ಸಾಸರಿನ ತಿರುಗಾಟ, ಮಕ್ಕಳ ಮಿನಿ ಕೋಸ್ಟರ್ ಎಲ್ಲಕ್ಕೂ ಕೈಮುಗಿಯಿರಿ. ವೇವ್ ಪೂಲ್ ನೋಡಲು ಸೌಮ್ಯ, ಆದರೆ ಅಲೆ ಬಂದಾಗ ಪಕ್ಕದವರ ಮೊಣಕೈ, ಮೊಣಕಾಲು, ರಬ್ಬರ್ ಟ್ಯೂಬು ಎಲ್ಲ ಬರುವುದು ಹೊಟ್ಟೆಯ ಮಟ್ಟಕ್ಕೇ. ಪುಟಾಣಿ ರೈಲು ಪರವಾಗಿಲ್ಲ, ಅಡ್ಡ ಕಂಬಿ ಹೊಟ್ಟೆಗೆ ಒತ್ತದಿದ್ದರೆ.

ಹೀಗಾಗಿ ಅಮ್ಮನಿಗೆ ಉಳಿಯುವುದು ಮಕ್ಕಳ ಕೊಳದ ಅಂಚಿನಲ್ಲಿ ಮೊಣಕಾಲವರೆಗಿನ ನೀರಿನಲ್ಲಿ ಕೂರುವುದು. ಇಲ್ಲೇ ಎಲ್ಲ ಪಾರ್ಕುಗಳಿಗೂ ಸಮಾನವಾದ ಒಂದು ತಲೆನೋವು ಶುರು: ಬಟ್ಟೆ.

ನೀರಿಗೆ ಇಳಿಯಲು ನೈಲಾನ್, ಲೈಕ್ರಾ ಅಥವಾ ಪಾಲಿಯೆಸ್ಟರ್ ಬೇಕು, ಕಾಟನ್ ನಡೆಯದು. ನಿಯಮ ಮೊಂಡು ಅನ್ನಿಸಿದರೂ ಕಾರಣವಿದೆ. ಕಾಟನ್ನಿನ ನೂಲು ಉದುರಿ ಫಿಲ್ಟರಿಗೆ ಸೇರುತ್ತದೆ, ಬಟ್ಟೆ ನೀರು ಕುಡಿದು ಜೋತುಬೀಳುತ್ತದೆ, ಜೋತದ್ದು ಜಾರುಬಂಡಿಯ ಜೋಡಣೆಗೆ ಸಿಕ್ಕಿಕೊಳ್ಳುತ್ತದೆ. ಆದರೆ ಜಾರುಬಂಡಿಯ ಹತ್ತಿರವೂ ಸುಳಿಯದ, ಮಗುವಿನ ಕೈ ಹಿಡಿದು ಕೂರುವ ಬಸುರಿಗೂ ಅದೇ ನಿಯಮ. ಚೂಡಿದಾರದ ಪ್ಯಾಂಟು ಮಡಚಿ ಕಾಲು ಇಳಿಬಿಟ್ಟರೂ ಸೀಟಿ ಊದುತ್ತಾರೆ. ಸೀರೆಯ ಅಜ್ಜಿಗಂತೂ ಕೊಳದ ಅಂಚೂ ಇಲ್ಲ.

ಅಲ್ಲೇ ಬಾಡಿಗೆಗೆ ಸಿಗುತ್ತದಲ್ಲ ಎಂದುಕೊಂಡು ಹೋದರೆ ಕೆಟ್ಟಿರಿ. ಒಂದು ಕಡೆ (ಹೆಸರು ಬೇಡ) ಕೌಂಟರಿನಲ್ಲಿದ್ದ ಅತಿ ದೊಡ್ಡ ಅಳತೆಯೂ ಆರು ತಿಂಗಳ ಹೊಟ್ಟೆಯ ಮೇಲೆ ಏರಲಿಲ್ಲ. ಏರಿದ್ದರೂ ಪ್ರಯೋಜನವಿರಲಿಲ್ಲ: ಆ ಸೂಟುಗಳ ಇಲಾಸ್ಟಿಕ್ ಕೂರುವುದು ಸರಿಯಾಗಿ ಹೊಟ್ಟೆಯ ನಡುವೆ, ಒದ್ದೆಯಾದ ಮೇಲೆ ಇನ್ನೂ ಬಿಗಿ. ಅರ್ಧ ಗಂಟೆಯಲ್ಲಿ ಕೆಂಪು ಬರೆ, ಎದೆಯುರಿ. ಇನ್ನೊಬ್ಬರ ಬೆವರಿನ ಬಾಡಿಗೆ ಸೂಟು ಬಸುರಿಯ ಚರ್ಮಕ್ಕೆ ಮೊದಲೇ ಒಳ್ಳೆಯದಲ್ಲ, ಈ ಸಮಯದಲ್ಲಿ ಫಂಗಸ್ ಬಹಳ ಬೇಗ ಹಿಡಿಯುತ್ತದೆ.

ಸರಿ, ಮೆಟರ್ನಿಟಿ ಲೆಗ್ಗಿಂಗ್ಸ್ ಕೊಂಡರೆ? ಅಲ್ಲಿಯೂ ಮೋಸಹೋಗಬಹುದು. ಮುಟ್ಟಿದರೆ ಲೈಕ್ರಾದ ಹಾಗೇ ಇರುತ್ತದೆ, ಲೇಬಲ್ ತಿರುಗಿಸಿ ನೋಡಿದರೆ 95 ಭಾಗ ಕಾಟನ್, 5 ಭಾಗ ಸ್ಪ್ಯಾಂಡೆಕ್ಸ್. ಗೇಟಿನಲ್ಲಿ ನಿಂತವರು ಲೇಬಲ್ ಓದುವುದಿಲ್ಲ. ಹೆಬ್ಬೆರಳು ತೋರುಬೆರಳಿನ ನಡುವೆ ಬಟ್ಟೆಯನ್ನು ಒಮ್ಮೆ ಉಜ್ಜಿ ನೋಡುತ್ತಾರೆ, ಕಾಟನ್ ಎಂದು ಅಷ್ಟರಲ್ಲೇ ಅವರಿಗೆ ಗೊತ್ತಾಗುತ್ತದೆ. ನಡೆಯುವ ಉಪಾಯ ಇದು. ಈಜಿನ ಕಪ್ಪು ಲೆಗ್ಗಿಂಗ್ಸ್, ನಿಮ್ಮ ಮಾಮೂಲಿ ಅಳತೆಗಿಂತ ಎರಡು ಸೈಜು ದೊಡ್ಡದು. ಸೊಂಟದ ಇಲಾಸ್ಟಿಕ್ಕನ್ನು ಹೊಲಿಗೆ ಬಿಚ್ಚಿ ಎಳೆದು ತೆಗೆದು, ಅದೇ ಕೊಳವೆಯಲ್ಲಿ ಲಾಡಿ ಹಾಕಿಸಿ. ಲಾಡಿಯನ್ನು ಹೊಟ್ಟೆಯ ಕೆಳಗೆ, ಸಡಿಲವಾಗಿ ಕಟ್ಟಬೇಕು. ಮೇಲಕ್ಕೆ ಫುಟ್‌ಬಾಲ್ ಜೆರ್ಸಿ. ಅರ್ಜೆಂಟೀನಾ, ಬ್ರೆಜಿಲ್ ಜೆರ್ಸಿ ನೇತುಹಾಕದ ಸ್ಪೋರ್ಟ್ಸ್ ಅಂಗಡಿ ನಮ್ಮ ಕಡೆ ಉಂಟಾ? ಅಪ್ಪಟ ಪಾಲಿಯೆಸ್ಟರ್, ಗಂಡಸರ ಎಕ್ಸ್‌ಎಕ್ಸ್‌ಎಲ್ ತೊಡೆಯವರೆಗೆ ಬರುತ್ತದೆ, ಬಸುರಿನ ಅಂಗಡಿಯ ದುಬಾರಿ ಈಜುಡುಪಿನ ಕಾಲು ಭಾಗಕ್ಕೆ ಮುಗಿಯುತ್ತದೆ. ಬಿಳಿ, ತಿಳಿ ನೀಲಿ ಬೇಡ, ಒದ್ದೆಯಾದರೆ ಒಳಗಿನದೆಲ್ಲ ಕಾಣುತ್ತದೆ. ಅರ್ಜೆಂಟೀನಾದವರು ಈ ಒಂದು ದಿನಕ್ಕೆ ಪಕ್ಷ ಬದಲಿಸಿ.

ಬದಲಿಸುವ ಕೋಣೆಯೇ ಇಡೀ ಪಾರ್ಕಿನಲ್ಲಿ ಹೆಚ್ಚು ಅಪಾಯದ ಜಾಗ. ಒದ್ದೆ ಟೈಲ್ಸು, ಸೋಪಿನ ನೀರು, ಕಾಲಿಗೆ ಅಂಟಿಕೊಂಡ ಲೆಗ್ಗಿಂಗ್ಸ್, ಒಂದು ಕಾಲಲ್ಲಿ ನಿಂತರೆ ಮುಂದಕ್ಕೆ ಎಳೆಯುವ ಹೊಟ್ಟೆ. ಹಳೆಯ ಬೈರಾಸು (ಟವೆಲು) ಎರಡು ಕೊಂಡುಹೋಗಿ: ಒಂದು ಕಾಲ ಕೆಳಗೆ ಹಾಸಲು, ಇನ್ನೊಂದು ಬೆಂಚಿನ ಮೇಲೆ. ಕೂತೇ ತೆಗೆಯಿರಿ, ಕೂತೇ ಹಾಕಿಕೊಳ್ಳಿ. ಅದೇ ಹೊತ್ತಿಗೆ ಮೂರು ವರ್ಷದ್ದು ಒದ್ದೆ ನೆಲದಲ್ಲಿ ಓಡಬೇಕು ಎನ್ನುತ್ತಿರುತ್ತದೆ, ಗಂಡ ಒಳಗೆ ಬರುವಂತಿಲ್ಲ. ಅದಕ್ಕೇ ಇಬ್ಬರು ದೊಡ್ಡವರು ಸಾಲದು, ಮೂರನೆಯವಳಾಗಿ ಒಬ್ಬ ಹೆಂಗಸು ಬೇಕೇ ಬೇಕು ಎನ್ನುವುದು. ತಂಗಿಯೋ ನಾದಿನಿಯೋ, ಪಾಲಿಯೆಸ್ಟರ್ ತೊಡಲು ಒಪ್ಪುವ ಯಾರಾದರೂ. ಈ ಮೂರನೆಯವಳು ಪುಕ್ಕಟೆ ಸಿಗುವುದು ಹತ್ತಿರದ ಪಾರ್ಕಿಗೆ ಮಾತ್ರ. ಕೊಚ್ಚಿಗೆ ಎರಡು ರಾತ್ರಿ ಎಂದರೆ ಅವಳಿಗೂ ರಜೆ, ರೈಲು, ರೂಮು.

ಈಗ ಒಂದೊಂದಾಗಿ. ಕಾಸರಗೋಡು ಪೇಟೆಯಿಂದ ಪಿಲಿಕುಳ ಸುಮಾರು 60 ಕಿ.ಮೀ. ತಲಪಾಡಿ, ತೊಕ್ಕೊಟ್ಟು, ಪಂಪ್‌ವೆಲ್, ನಂತೂರು, ಅಲ್ಲಿಂದ ಮೂಡುಬಿದಿರೆ ರಸ್ತೆಯಲ್ಲಿ ಕುಲಶೇಖರ ದಾಟಿ ವಾಮಂಜೂರು. ಕಾಯಬೇಕಾಗುವುದು ಪಂಪ್‌ವೆಲ್–ನಂತೂರಿನ ನಡುವೆ, ಹಾಗಾಗಿ ಅದಕ್ಕೂ ಮುಂಚೆ ತೊಕ್ಕೊಟ್ಟಿನ ಆಸುಪಾಸಿನಲ್ಲಿ ಟಾಯ್ಲೆಟ್ಟಿಗೆ ಇಳಿದುಬಿಡಿ. ಕಾರಿನ ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಕೆಳಗೆ ತೊಡೆಸಂದಿಗೆ, ಮೇಲಿನದು ಎದೆಯ ನಡುವೆ. ಹೊಟ್ಟೆಗೆ ಒತ್ತುತ್ತದೆಂದು ಬೆಲ್ಟನ್ನೇ ಬಿಡುವವರಿದ್ದಾರೆ, ಅದು ಎಲ್ಲಕ್ಕಿಂತ ಕೆಟ್ಟದ್ದು.

ಪಿಲಿಕುಳದ ಗುಣವೆಂದರೆ ಅದು ಬರೀ ನೀರಿನ ಪಾರ್ಕಲ್ಲ. ನೀರು ಸಾಕಾಯಿತೆಂದರೆ, ಅಥವಾ ಆ ದಿನ ಅಮ್ಮನಿಗೆ ನೀರೇ ಬೇಡವೆಂದರೆ, ದಿನ ಹಾಳಾಗುವುದಿಲ್ಲ. ಕೆರೆ, ವಿಜ್ಞಾನ ಕೇಂದ್ರ, ಮೃಗಾಲಯ, 2018ರಲ್ಲಿ ತೆರೆದ ಸ್ವಾಮಿ ವಿವೇಕಾನಂದ ತಾರಾಲಯ ಎಲ್ಲ ಅಲ್ಲೇ. ದೋಷವೂ ಅದೇ: ಒಂದರಿಂದ ಒಂದಕ್ಕೆ ದೂರ. ಜಾಗ 350 ಎಕರೆಗೂ ಹೆಚ್ಚು, ಏರುತಗ್ಗು ಬೇರೆ. ಮೃಗಾಲಯವನ್ನು ಪೂರ್ತಿ ಸುತ್ತುವ ಆಸೆ ಬಿಡಿ, ಹುಲಿ ಕಂಡಾಯಿತೆಂದರೆ ಮೂರು ವರ್ಷದವರಿಗೆ ಉಳಿದದ್ದು ಬೇಡ. ಸೋಮವಾರ ಮೃಗಾಲಯಕ್ಕೆ ರಜೆ. ನನ್ನ ಕ್ರಮ: ನೀರಿಗೆ ಮೊದಲು, ಪಾರ್ಕು ತೆರೆದ ಕೂಡಲೇ, ಮುಕ್ಕಾಲು ಗಂಟೆಗೆ ಮೀರದಂತೆ. ಹನ್ನೊಂದೂವರೆಯ ಮೇಲೆ ಸಿಮೆಂಟು ಕಾದು ಮಗುವಿನ ಅಂಗಾಲು ಸುಡುತ್ತದೆ. ಊಟ, ಆಮೇಲೆ ತಾರಾಲಯ. ಎಸಿ, ಕತ್ತಲೆ, ಹಿಂದಕ್ಕೆ ಒರಗುವ ಕುರ್ಚಿ; ಬಸುರಿಯ ಸೊಂಟಕ್ಕೆ ಅಷ್ಟು ಒಳ್ಳೆಯ ಜಾಗ ಈ ನಾಲ್ಕರಲ್ಲಿ ಬೇರೆಲ್ಲೂ ಇಲ್ಲ. ಮಗು ಕತ್ತಲೆಗೆ ಹೆದರುವುದಾದರೆ ಬಾಗಿಲ ಪಕ್ಕದ ಸೀಟು ಕೇಳಿ.

ವಿಸ್ಮಯ ಎರಡನೆಯದು. ಹೊಸದುರ್ಗ, ನೀಲೇಶ್ವರದ ಕಡೆಯವರಿಗೆ ಇದೇ ಮೊದಲನೆಯದು ಆದೀತು. ಸಹಕಾರಿ ಸಂಘದ ಪಾರ್ಕು, ಮಳೆನೀರು ಸಂಗ್ರಹಿಸಿ ಬಳಸುವುದಕ್ಕೆ ಹೆಸರಾದದ್ದು. ಪೇಟೆಯಿಂದ ಸುಮಾರು 80 ಕಿ.ಮೀ., ತಳಿಪರಂಬ ದಾಟಿ ಧರ್ಮಶಾಲಾದಲ್ಲಿ ತಿರುಗಬೇಕು. ತಾಪತ್ರಯವೆಲ್ಲ ದಾರಿಯದೇ. ಹೆದ್ದಾರಿ ಅಗಲ ಮಾಡುವ ಕೆಲಸ ಮುಗಿಯದ ಕಡೆಗಳಲ್ಲಿ ಸರ್ವಿಸ್ ರಸ್ತೆಗೆ ಇಳಿದು ಹತ್ತುವ ಕುಲುಕಾಟ ಐದನೇ ತಿಂಗಳಿಗೂ ಹಿತವಲ್ಲ. ನನ್ನ ಸಲಹೆ: ಕಣ್ಣೂರಿಗೆ ರೈಲು, ಅಲ್ಲಿಂದ ಟ್ಯಾಕ್ಸಿ. ಹತ್ತಿರದ ಮುತ್ತಪ್ಪ ದೈವದ ಸನ್ನಿಧಿಯಲ್ಲಿ ಬಂದವರಿಗೆಲ್ಲ ಚಹಾ, ಬೇಯಿಸಿದ ಪಯರು ಕಾಳು, ತೆಂಗಿನ ಚೂರು ಕೊಡುತ್ತಾರೆ. ಎರಡು ಗಂಟೆಗೊಮ್ಮೆ ಏನಾದರೂ ತಿನ್ನಲೇಬೇಕಾದವಳಿಗೆ ಅದಕ್ಕಿಂತ ಒಳ್ಳೆಯದು ಯಾವ ಪಾರ್ಕಿನ ಕ್ಯಾಂಟೀನಿನಲ್ಲೂ ಸಿಗದು. ಅಲ್ಲಿ ನಾಯಿಗಳು ಧಾರಾಳವಾಗಿ ಓಡಾಡುತ್ತವೆ, ಮುತ್ತಪ್ಪನಿಗೆ ಪ್ರಿಯವಾದವು. ಮಗುವಿನ ಕೈಯ ಬಿಸ್ಕತ್ತು ಜೋಪಾನ.

ಕೊಚ್ಚಿಯದು ಆಟದಲ್ಲಿ ಒಂದನೇ ನಂಬರು, ಲೆಕ್ಕದಲ್ಲಿ ಸೋಲುತ್ತದೆ. ಅಲ್ಲಿ 85 ಸೆಂ.ಮೀ. ಎತ್ತರದವರೆಗೆ ಮಗುವಿಗೆ ಟಿಕೆಟ್ ಇಲ್ಲ. ಕೇಳಲು ಚೆಂದ, ಆದರೆ ಎರಡು ವರ್ಷ ತುಂಬುವ ಹೊತ್ತಿಗೇ ಮಕ್ಕಳು ಸಾಮಾನ್ಯವಾಗಿ 86–87 ಮುಟ್ಟುತ್ತವೆ, ಮೂರಕ್ಕೆ 95. ಅಂದರೆ ಟಿಕೆಟ್ ಕೊಡಲೇಬೇಕು, ದೊಡ್ಡ ರೈಡಿಗೆ ಸೇರಿಸುವುದೂ ಇಲ್ಲ. ಅಮ್ಮ ಟಿಕೆಟ್ ಕೊಟ್ಟು ನೆರಳು ಹುಡುಕುತ್ತಾಳೆ. ಅಪ್ಪ ಮಗುವಿನ ಜೊತೆ ಸಣ್ಣ ರೈಲಿನಲ್ಲಿ. ಮೂರು ಟಿಕೆಟಿನ ದುಡ್ಡಿಗೆ ನಿಜವಾಗಿ ಬಳಕೆಯಾಗುವುದು ಒಂದು ಮೂಲೆ.

ಅಲ್ಲಿಗೆ ಹೋಗುವುದಾದರೆ ವಂದೇ ಭಾರತ್ ಸರಿ, ಕಾಸರಗೋಡಿನಿಂದ ಎರ್ನಾಕುಳಂ ಐದು ಗಂಟೆಯ ಆಸುಪಾಸು. ಐದು ವರ್ಷದೊಳಗಿನ ಮಗುವಿಗೆ ಟಿಕೆಟ್ ಬೇಡ, ಆದರೆ ಸೀಟೂ ಇಲ್ಲ. ಮಗು ಮಡಿಲಲ್ಲಿ ಕೂರಬೇಕು, ಆರನೇ ತಿಂಗಳಲ್ಲಿ ಮಡಿಲೇ ಇಲ್ಲ. ದೊಡ್ಡವರ ದರವನ್ನೇ ಕೊಟ್ಟು ಅದಕ್ಕೊಂದು ಸೀಟು ತೆಗೆದುಕೊಳ್ಳಿ. ಒಂದೂವರೆ ಗಂಟೆಗೊಮ್ಮೆ ಎದ್ದು ಬೋಗಿಯ ಉದ್ದಕ್ಕೆ ನಡೆಯಿರಿ, ಬಸುರಿನಲ್ಲಿ ಕಾಲಿನ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚು. ರಾತ್ರಿ ರೈಲಾದರೆ ಕೌಂಟರಿನಲ್ಲಿ ಡಾಕ್ಟರ ಪತ್ರ ತೋರಿಸಿ ಗರ್ಭಿಣಿಯರ ಕೆಳ ಬರ್ತ್ ಕೋಟಾ ಕೇಳಬಹುದು. ಹೋದ ದಿನ ಪಾರ್ಕು ಬೇಡ, ಬಂದ ದಿನವೂ ಬೇಡ. ಹಾಗಾಗಿ ಎರಡು ರಾತ್ರಿ. ಆ ದುಡ್ಡಿನಲ್ಲಿ ಪಿಲಿಕುಳಕ್ಕೆ ಎರಡು ಸಲ ಹೋಗಿ ಬಂದು ಬಾಣಂತನಕ್ಕೂ ಸ್ವಲ್ಪ ಮಿಗುತ್ತದೆ.

ನೀರಿನ ಬಗ್ಗೆ. ಕ್ಲೋರಿನ್ ವಾಸನೆ ಮೂಗಿಗೆ ಹೊಡೆದರೆ ಕೊಳ ಶುದ್ಧ ಅಂದುಕೊಳ್ಳಬೇಡಿ. ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿದಾಗ ಹುಟ್ಟುವ ವಾಸನೆ ಅದು. ತಳದ ಟೈಲ್ಸಿನ ಗೆರೆ ಸ್ಪಷ್ಟ ಕಾಣಬೇಕು, ಅಂಚು ಮುಟ್ಟಿದರೆ ಲೋಳೆ ಇರಬಾರದು. ಕೇರಳದಲ್ಲಿ ಈಚಿನ ವರ್ಷಗಳಲ್ಲಿ ಅಮೀಬಾದ ಮಿದುಳು ಜ್ವರ ಕಾಣಿಸಿಕೊಂಡಿದೆ, ಅದು ಒಳಹೋಗುವುದು ಮೂಗಿನಿಂದ. ಮಗುವಿನ ತಲೆ ಮುಳುಗಿಸುವ ಆಟ ಬೇಡ. ಮಾಮೂಲಿ ಡಯಾಪರ್ ನೀರು ಹೀರಿ ಕಿಲೋ ಭಾರವಾಗಿ ಜಾರುತ್ತದೆ, ಒಡೆದರೆ ಜೆಲ್ಲು ಕೊಳದ ತುಂಬ. ಸ್ವಿಮ್ ಡಯಾಪರ್ ಬೇರೆಯೇ ಉಂಟು, ಅದು ತಡೆಯುವುದು ಮಲವನ್ನು ಮಾತ್ರ, ಮೂತ್ರವನ್ನಲ್ಲ. ಆದ್ದರಿಂದ ನೀರಿಗೆ ಇಳಿಯುವ ನಿಮಿಷಕ್ಕೇ ಹಾಕಿ. ಇಪ್ಪತ್ತು ನಿಮಿಷಕ್ಕೊಮ್ಮೆ ಮೇಲೆ ಎತ್ತಿ, ತುಟಿ ನೀಲಿಯಾದರೆ ಅಲ್ಲಿಗೆ ನಿಲ್ಲಿಸಿ.

ಕುಡಿಯುವ ನೀರಿಗೂ ಎಚ್ಚರ. ಕೇರಳದ ಹೋಟೆಲಿನಲ್ಲಿ ಕೊಡುವ ಕೆಂಬಣ್ಣದ ದಾಹಶಮನಿ ನೀರು ಕುದಿಸಿದ್ದೇ, ಆದರೆ ಉಗುರುಬೆಚ್ಚಗೆ ಕೊಟ್ಟರೆ ಅದಕ್ಕೆ ತಣ್ಣೀರು ಬೆರೆಸಿದ್ದಿರಬಹುದು. ಕುದಿಸಿದ ಫಲ ಅಲ್ಲಿಗೆ ಮುಗಿಯಿತು. ಕಾಮಾಲೆಯಲ್ಲಿ ಹೆಪಟೈಟಿಸ್ ಇ ಎಂಬುದು ಉಳಿದವರನ್ನು ಮಲಗಿಸಿ ಬಿಡುತ್ತದೆ, ಬಸುರಿಯ ಜೀವಕ್ಕೇ ಬರುತ್ತದೆ. ಮನೆಯಿಂದ ಮೂರು ಲೀಟರ್ ಕೊಂಡುಹೋಗಿ. ಹೊರಗಿನ ತಿಂಡಿಗೆ ಪಾರ್ಕಿನಲ್ಲಿ ತಡೆದರೆ ಮಗುವಿನ ಆಹಾರ ಎಂದರೆ ಸಾಮಾನ್ಯವಾಗಿ ಬಿಡುತ್ತಾರೆ. ಸಕ್ಕರೆ ಇರುವ ಬಸುರಿಯಾದರೆ ಡಾಕ್ಟರ ಚೀಟಿ ಇಟ್ಟುಕೊಳ್ಳಿ. ನೇಂದ್ರ ಬಾಳೆ, ಹುರಿದ ಕಡಲೆ, ಒಂದು ಫ್ಲಾಸ್ಕ್ ಗಂಜಿ. ಅಲ್ಲಿ ಕೊಳ್ಳುವುದಾದರೆ ಕಣ್ಣೆದುರು ಕಾವಲಿಯಿಂದ ತೆಗೆದ ದೋಸೆ, ಚಟ್ನಿ ಇಲ್ಲದೆ.

ತಾಯಿ ಕಾರ್ಡು, ಕೊನೆಯ ಸ್ಕ್ಯಾನು ಲಾಕರಿನಲ್ಲಿ ಬೇಡ, ಮೂರನೆಯವಳ ಹೆಗಲ ಚೀಲದಲ್ಲಿರಲಿ. ಹೊಟ್ಟೆ ಬಿಗಿಯಾದರೆ ಎಡಮಗ್ಗುಲಿಗೆ ಒರಗಿ ಎರಡು ಲೋಟ ನೀರು ಕುಡಿಯಿರಿ. ಹೆಚ್ಚಾಗಿ ಅದು ಬಿಸಿಲು, ಬಾಯಾರಿಕೆ. ಒಂದು ಗಂಟೆ ಕಳೆದರೂ ಹತ್ತು ನಿಮಿಷಕ್ಕೊಮ್ಮೆ ಬರುತ್ತಿದ್ದರೆ, ರಕ್ತವೋ ನೀರೋ ಹೋದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ ಮನೆಗಲ್ಲ, ಆಸ್ಪತ್ರೆಗೆ. 108 ಗಡಿಯ ಎರಡೂ ಕಡೆ ಬರುತ್ತದೆ.

ದಿನ ಆರಿಸುವಾಗ ಗಡಿಯವರಿಗೆ ಒಂದು ಲಾಭ ಉಂಟು, ಬಳಸಿಕೊಳ್ಳಿ. ಓಣಂ ರಜೆಯಲ್ಲಿ ಕಣ್ಣೂರು, ಕೊಚ್ಚಿ ತುಂಬಿ ತುಳುಕುತ್ತವೆ, ಅದೇ ವಾರ ಮಂಗಳೂರಿನ ಶಾಲೆಗಳು ನಡೆಯುತ್ತಿರುತ್ತವೆ, ಪಿಲಿಕುಳ ಖಾಲಿ. ಕರ್ನಾಟಕಕ್ಕೆ ದಸರಾ ರಜೆ ಇರುವಾಗ ತಿರುಗಿಸಿ ಹಾಕಿ, ವಿಸ್ಮಯಕ್ಕೆ ಹೋಗಿ. ಏಪ್ರಿಲ್–ಮೇ ಎರಡೂ ಕಡೆ ರಜೆ, ಎರಡೂ ಕಡೆ ಬೆಂಕಿ. ಎಲ್ಲಕ್ಕಿಂತ ಒಳ್ಳೆಯದು ನವೆಂಬರಿನ ಒಂದು ಬುಧವಾರ. ವಾರದ ನಡುವೆ ಕೆಲವು ಕೊಳ ಮುಚ್ಚಿರುವುದುಂಟು, ಹಿಂದಿನ ದಿನ ಫೋನ್ ಮಾಡಿ 'ಮಕ್ಕಳ ಕೊಳಕ್ಕೆ ನಾಳೆ ನೀರು ಬಿಡುತ್ತೀರಾ' ಎಂದೇ ಕೇಳಿ.

ಪಿಲಿಕುಳದಿಂದ ಮೂರು ಗಂಟೆಗೆ ಹೊರಟರೆ ನಂತೂರಿನ ಸಂಜೆಯ ಗದ್ದಲ ತಪ್ಪುತ್ತದೆ. ತಲಪಾಡಿ ದಾಟುವಾಗ ಮಗು ಗಾಢ ನಿದ್ದೆಯಲ್ಲಿರುತ್ತದೆ, ಹದಿಮೂರು ಕಿಲೋ ಮೈಬಿಟ್ಟ ಭಾರ. ಕಾರಿನಿಂದ ಅದನ್ನು ಎತ್ತಿ ಮೆಟ್ಟಿಲು ಹತ್ತಿಸುವುದು ಯಾರು ಎಂದು ಬೆಳಿಗ್ಗೆಯೇ ಮಾತಾಡಿಟ್ಟುಕೊಳ್ಳಿ.